ಗಡಾಯಿಕಲ್ಲಿಗೆ ಸುತ್ತುದಾರಿ

೧೯೫೮ನೆಯ ಇಸವಿಯ ಮೇ ತಿಂಗಳ ಒಂದು ಭಾನುವಾರ ನಾನು, ನನ್ನ ಹೆಂಡತಿ ಸುಶೀಲ, ಮಗಳು ಶಾರದೆ, ಮಗ ವಸಂತ ಬೆಳಗಿನ ಮೊದಲ ಬಸ್ಸಿನಲ್ಲಿ ಬಂಟ್ವಾಳದಿಂದ ಗಡಾಯಿಕಲ್ಲು ಹತ್ತಲು ಹೊರಟೆವು. ಗಡಾಯಿಕಲ್ಲು ಎಂಬ ಬಂಡೆಬೆಟ್ಟ ಇರುವುದು ಬೆಳ್ತಂಗಡಿಯ ಆಚೆ. ನಾವು ಹತ್ತಿದ್ದು ಮೂಡಬಿದಿರೆಯ ಬಸ್ಸು.

ಈ ಸೀಮೆಯ ರಸ್ತೆ ಬಲ್ಲವರು ಇಲ್ಲಿ ತಡೆದು ನಿಲ್ಲುತ್ತಾರೆಂದು ಗೊತ್ತು. ಬಂಟ್ವಾಳದಿಂದ ಬೆಳ್ತಂಗಡಿಗೆ ನೇರ ರಸ್ತೆ ಉಂಟು, ಅದರಲ್ಲಿ ಬಸ್ಸೂ ಓಡುತ್ತದೆ. ಅದನ್ನು ಬಿಟ್ಟು ಉತ್ತರಕ್ಕೆ ಮೂಡಬಿದಿರೆಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ವೇಣೂರಿನ ಮೇಲಿಂದ ಬೆಳ್ತಂಗಡಿ ಸೇರುವುದೆಂದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಲೆಕ್ಕವೇ. ಈ ಯೋಜನೆಯನ್ನು ಹಾಕಿದವನು ನಾನು. ಮೂರು ವಾರ ಯೋಚಿಸಿ ಹಾಕಿದ್ದೆ.

ನಾನು ಮಂಗಳೂರಿನ ಒಂದು ಪತ್ರಿಕೆಗೆ ಬಂಟ್ವಾಳದಿಂದ ಸುದ್ದಿ ಕಳಿಸುವವನು. ನೇತ್ರಾವತಿಯ ನೆರೆ, ಶಾಲೆಯ ವಾರ್ಷಿಕೋತ್ಸವ, ಬಸ್ಸು ಮೋರಿಗೆ ಇಳಿದದ್ದು, ಇಂಥವು ನನ್ನ ಪಾಲಿಗೆ. ನಮ್ಮ ಸಂಪಾದಕರು ಕಲಿಸಿದ ಪಾಠ ಸಣ್ಣದು. ಯಾರು, ಏನು, ಎಲ್ಲಿ, ಯಾವಾಗ ಎನ್ನುವುದನ್ನು ಮೊದಲೇ ಹೇಳಬೇಕು. ಯಾಕೆ ಎನ್ನುವುದನ್ನು ಕೊನೆಗೆ, ಜಾಗ ಉಳಿದರೆ ಮಾತ್ರ. ಪತ್ರಿಕೆಯಲ್ಲಿ ಇದು ಸರಿ. ಸಂಸಾರದಲ್ಲಿ ಯಾಕೆ ಎನ್ನುವುದೇ ಮೊದಲು ಬರುತ್ತದೆ, ಉಳಿದದ್ದಕ್ಕೆ ಜಾಗ ಸಿಗುವುದೇ ಕಷ್ಟ. ಆದ್ದರಿಂದ ಯಾಕೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಸುಶೀಲಳ ತವರುಮನೆ ಗಡಾಯಿಕಲ್ಲಿನ ಬುಡದಲ್ಲಿದೆ. ಆ ಮನೆಯ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಅರ್ಧ ಆಕಾಶ, ಅರ್ಧ ಬಂಡೆ. ಅವಳು ಆ ಬಂಡೆಯ ಎದುರಿಗೇ ತಲೆ ಬಾಚಿಕೊಂಡಳು, ಭತ್ತ ಹರವಿದಳು, ಹಪ್ಪಳ ಒಣಗಿಸಿದಳು, ಕಾಗೆ ಓಡಿಸಿದಳು. ಅವಳ ಅಣ್ಣಂದಿರು ರಜೆ ಸಿಕ್ಕಿದಾಗಲೆಲ್ಲ ಹತ್ತಿ ಬಂದು, ಮೇಲೆ ಕೆರೆ ಉಂಟು, ತುಕ್ಕು ಹಿಡಿದ ಫಿರಂಗಿ ಉಂಟು, ಬಾನು ತೊಳೆದ ಹಾಗಿದ್ದರೆ ಪಡುವಣ ಕಡಲು ಕೂಡ ಕಾಣುತ್ತದೆ ಎಂದು ವರದಿ ಒಪ್ಪಿಸುತ್ತಿದ್ದರು. ತನಗೂ ಹೋಗಬೇಕೆಂದು ಇವಳು ಕೇಳಿದಾಗಲೆಲ್ಲ ಅವಳ ತಾಯಿ, “ಮುಂದಿನ ವರ್ಷ ಹೋಗುವ” ಎನ್ನುತ್ತಿದ್ದರು. ಒಂದು ವರ್ಷ ಮಳೆ ಬೇಗ ಹಿಡಿಯಿತು. ಒಂದು ವರ್ಷ ಅಣ್ಣನ ಮದುವೆ. ಇನ್ನೊಂದು ವರ್ಷ ದನ ಕರು ಹಾಕಿತು. ಅದರ ಮರುವರ್ಷ ಸುಶೀಲ ದೊಡ್ಡವಳಾದಳು. ದೊಡ್ಡವಳಾದ ಹುಡುಗಿ ಬೆಟ್ಟ ಹತ್ತಬಾರದೆಂಬುದು ಆ ಮನೆಯ ಕಟ್ಟಳೆ. ಬೇರೆ ಮನೆಗಳಲ್ಲಿ ಅದು ಉಂಟೋ ಇಲ್ಲವೋ ನಾನು ವಿಚಾರಿಸಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಗಂಡನ ಗತ್ತಿನಿಂದ, “ಅದೆಂಥ ದೊಡ್ಡ ಸಂಗತಿ, ಮುಂದಿನ ವರ್ಷ ಕರಕೊಂಡು ಹೋಗ್ತೇನೆ” ಎಂದೆ. ನನಗೆ ಅದು ಹೊಸ ಮಾತು. ಅವಳಿಗೆ ಅಲ್ಲ.

ನಮ್ಮ ಕಡೆಯ ಪಂಚಾಂಗದಲ್ಲಿ ಬರೆದಿರದ ಒಂದು ಕಾಲಮಾನ ಈ ಮುಂದಿನ ವರ್ಷ. ಸಂವತ್ಸರಗಳು ಬಂದು ಹೋಗುತ್ತವೆ. ಇದು ಮಾತ್ರ ಎಂದೂ ಬರುವುದಿಲ್ಲ, ಎಂದೂ ಕಳೆಯುವುದೂ ಇಲ್ಲ. ಇಲ್ಲವೆಂದು ಮುಖ ಮುರಿಯಲಾರದ ಸಜ್ಜನರೆಲ್ಲ ತಮ್ಮ ನಿರಾಕರಣೆಗಳನ್ನು ಅದರಲ್ಲಿ ಪೇರಿಸಿಟ್ಟಿದ್ದಾರೆ. ಹಾಗೆ ನೋಡಿದರೆ ಅದೊಂದು ದಯೆಯ ವ್ಯವಸ್ಥೆ. ಆದರೆ ಆ ಬೇಸಗೆಯಲ್ಲಿ ಶಾರದೆಗೆ ಹನ್ನೊಂದು ತುಂಬಿತ್ತು. ಬೆಟ್ಟಕ್ಕೆ ಹೋಗುವ ದಾರಿ ಅವಳ ಅಜ್ಜಿಯ ಅಂಗಳದ ಮೂಲಕವೇ ಹೋಗುತ್ತದೆ. ಇನ್ನೊಂದು ಬೇಸಗೆ ಬರುವಷ್ಟರಲ್ಲಿ ಅವಳೂ ದೊಡ್ಡವಳಾದರೆ ಆ ಅಂಗಳ ದಾಟುವಂತಿಲ್ಲ. ಸುಶೀಲ ನನ್ನೊಡನೆ ಜಗಳ ಮಾಡಲಿಲ್ಲ. ಅಕ್ಕಿ ಆರಿಸುತ್ತ ಒಂದೇ ಮಾತು ಹೇಳಿದಳು:

“ನನ್ನದು ಹೋಯಿತು, ಹೋಗಲಿ. ಇವಳದ್ದು ಹೋಗಬಾರದು. ಈ ಸಲವೇ ಆಗಬೇಕು.”

ಆದ್ದರಿಂದ ಈ ಸಲವೇ ಆಗಬೇಕಿತ್ತು. ಇನ್ನು ಮೂಡಬಿದಿರೆಯ ಬಸ್ಸಿನ ವಿಷಯ.

ಬಂಟ್ವಾಳದಿಂದ ಬೆಳ್ತಂಗಡಿಯ ನೇರ ದಾರಿಯಲ್ಲಿ ಪುಂಜಾಲಕಟ್ಟೆ ಸಿಗುತ್ತದೆ. ಅಲ್ಲಿ ರಸ್ತೆಯ ಬದಿಯಲ್ಲೇ ನನ್ನ ದೊಡ್ಡಕ್ಕನ ಮನೆ. ಅವಳ ಜಗುಲಿಯಲ್ಲಿ ಕೂತರೆ ಹೋಗುವ ಬರುವ ಪ್ರತಿ ಬಸ್ಸಿನೊಳಗಿನ ಮುಖಗಳು ಕಾಣುತ್ತವೆ, ಮತ್ತು ಅವಳು ಅಲ್ಲೇ ಕೂರುತ್ತಾಳೆ. ನೆಂಟರ ಮನೆಯ ಎದುರಿನಿಂದ ಇಳಿಯದೆ ಹೋಗುವುದು ನಮ್ಮಲ್ಲಿ ಅಪಚಾರ. ಇಳಿದರೆ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ತಂಬಿಗೆ ನೀರು ಬರುತ್ತವೆ. ಬಿಸಿಲಿನಿಂದ ಬಂದವರಿಗೆ ಇದಕ್ಕಿಂತ ಒಳ್ಳೆಯ ಉಪಚಾರವನ್ನು ಯಾವ ದೇಶದವರೂ ಕಂಡುಹಿಡಿದಿರಲಾರರು. ಕಷ್ಟ ಇರುವುದು ಬೆಲ್ಲದಲ್ಲಲ್ಲ, ಆಮೇಲಿನ ತರ್ಕದಲ್ಲಿ. ಬೆಲ್ಲ ತಿಂದು ನೀರು ಕುಡಿದವರು ಒಂದು ಗಳಿಗೆ ಕೂರದೆ ಏಳುವಂತಿಲ್ಲ. ಕೂತವರಿಗೆ ಕಾಪಿ ಕೊಡದಿರುವುದು ಹೇಗೆ? ಬರಿಯ ಕಾಪಿ ಕೊಟ್ಟರೆ ಜನ ಏನೆಂದಾರು? ತಿಂಡಿ ಆಗುವಾಗ ಒಲೆಯ ಮೇಲೆ ಅನ್ನಕ್ಕೆ ನೀರು ಬಿದ್ದಿರುತ್ತದೆ. ಉಂಡವರು ಮಲಗದೆ ಬಿಸಿಲಲ್ಲಿ ಹೊರಟರೆ ಮನೆಯವರಿಗೆ ಕೆಟ್ಟ ಹೆಸರು. ಎದ್ದರೆ ಮತ್ತೆ ಕಾಪಿ.

ತಿಥಿ ನೋಡದೆ ಬರುವವನು ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಾರೆ. ತಿಥಿ ನೋಡದೆ ಹಿಡಿದು ನಿಲ್ಲಿಸುವವರಿಗೆ ಏನು ಹೆಸರೆಂದು ಅವರು ಹೇಳಿಲ್ಲ. ಹಿಂದಿನ ವರ್ಷವೂ ನಾವು ಇದೇ ಬೆಟ್ಟಕ್ಕೆಂದು ಹೊರಟಿದ್ದೆವು. ದೊಡ್ಡಕ್ಕ ರಸ್ತೆಯ ಮಧ್ಯಕ್ಕೇ ಬಂದು ಬಸ್ಸಿಗೆ ಕೈ ಅಡ್ಡ ಹಿಡಿದಳು. ಹೋಗಿ ನೋಡಿದರೆ ಅಂಗಳದಲ್ಲಿ ಹಲಸಿನ ಕಾಯಿಯ ರಾಶಿ, ಹಪ್ಪಳ ತಟ್ಟುವ ದಿನ. ಸುಶೀಲ ಸೆರಗು ಸಿಕ್ಕಿಸಿದಳು. ಶಾರದೆಯ ಅಂಗೈಯೆಲ್ಲ ಹಲಸಿನ ಅಂಟು. ಸಂಜೆಗೆ ಮೊರದ ತುಂಬ ಹಪ್ಪಳ ಹೊತ್ತು ಬಂಟ್ವಾಳಕ್ಕೆ ವಾಪಸು ಬಂದೆವು. ಪುಂಜಾಲಕಟ್ಟೆಯಲ್ಲಿ ತಪ್ಪಿಸಿಕೊಂಡರೂ ಮುಂದೆ ಮಡಂತ್ಯಾರಿನಲ್ಲಿ ನನ್ನ ಸೋದರಮಾವ ಇದ್ದರು. ಗಡಾಯಿಕಲ್ಲಿನ ಮೇಲೆ ಕೋಟೆ ಕಟ್ಟಿದ ಸುಲ್ತಾನ ಒಂದೇ ಇಕ್ಕಟ್ಟಾದ ಮೆಟ್ಟಿಲ ದಾರಿ ಬಿಟ್ಟು, ನಾಲ್ಕು ಜನ ನಿಂತರೆ ಸೈನ್ಯವನ್ನೇ ತಡೆಯಬಹುದು ಎಂದು ಲೆಕ್ಕ ಹಾಕಿದನಂತೆ. ನಮ್ಮವರು ಬೆಲ್ಲದ ತುಂಡಿನಲ್ಲಿ ತಡೆಯುತ್ತಾರೆ. ಆ ಕೋಟೆಗೆ ಅವನು ತನ್ನ ತಾಯಿಯ ನೆನಪಿನಲ್ಲಿ ಜಮಾಲಾಬಾದ್ ಎಂದು ಹೆಸರಿಟ್ಟನೆಂದೂ ಹೇಳುತ್ತಾರೆ. ಆ ತಾಯಿ ಒಮ್ಮೆಯಾದರೂ ಅದನ್ನು ಹತ್ತಿದ್ದಳೇ ಎಂದು ಸುಶೀಲ ನನ್ನನ್ನು ಕೇಳಿದ್ದುಂಟು. ನನ್ನಲ್ಲಿ ಮಾಹಿತಿ ಇರಲಿಲ್ಲ.

ಹೀಗಾಗಿ ಸುತ್ತುದಾರಿ. ವೇಣೂರಿನ ದಾರಿಯಲ್ಲಿ ನೆಂಟರು ಕಡಿಮೆ. ಗುರುವಾಯನಕೆರೆಯಲ್ಲಿ ಸುಶೀಲಳ ಚಿಕ್ಕಮ್ಮ ಒಬ್ಬರು ಇದ್ದರು, ಅಲ್ಲಿ ಬಸ್ಸಿನ ಆಚೆ ಬದಿಯಲ್ಲಿ ತಲೆ ತಗ್ಗಿಸಿ ಕೂರುವುದೆಂದು ನಿರ್ಧರಿಸಿದೆ. ಬಿಸಿಲೇರಿದರೆ ಬಂಡೆ ಕಾದ ಕಾವಲಿಯಾಗುತ್ತದೆ. ಆದ್ದರಿಂದ ಹತ್ತು ಗಂಟೆಗೆ ಮೊದಲು ಬುಡ ಸೇರಬೇಕು. ಯಾರಿಗೂ ಹೇಳಬಾರದು. ಬಂಟ್ವಾಳದಲ್ಲಿ ಹೇಳಿದ ಸುದ್ದಿ ಪುಂಜಾಲಕಟ್ಟೆಗೆ ತಲುಪಲು ಪತ್ರಿಕೆ ಬೇಡ, ಕಂಡಕ್ಟರ್ ಸಾಕು.

ಒಂದು ಅನುಕೂಲ ಇತ್ತು. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದು ನಮ್ಮಲ್ಲಿ ಅಪಶಕುನ. ಬೆಳಿಗ್ಗೆ ಬುತ್ತಿಯ ಗಂಟು, ಕೊಡೆ, ನೀರಿನ ತಂಬಿಗೆ ಹಿಡಿದು ಗೇಟು ದಾಟುವಾಗ ಪಕ್ಕದ ಮನೆಯ ಐಸಮ್ಮ ಬಾವಿಕಟ್ಟೆಯಲ್ಲಿದ್ದರು.

“ದೂರವಾ?” ಎಂದರು.

“ಹೀಗೇ, ಸ್ವಲ್ಪ” ಎಂದಳು ಸುಶೀಲ.

ನಾಲ್ಕು ವರ್ಷದ ವಸಂತನಿಗೆ ಬಾಯಿ ಬಿಡಬಾರದೆಂದು ಹೇಳಿದ್ದೆವು. ಅವನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡೇ ನಿಂತಿದ್ದ. ಐಸಮ್ಮ ಅವನನ್ನು ನೋಡಿದರು, ತಂಬಿಗೆಯನ್ನು ನೋಡಿದರು, ಒಳಗೆ ಹೋಗಿ ಎರಡು ನಿಂಬೆಹುಳಿ ತಂದು ಸುಶೀಲಳ ಕೈಗಿಟ್ಟರು. “ಬಸ್ಸಲ್ಲಿ ಪುಟ್ಟನಿಗೆ ವಾಂತಿ ಬಂದರೆ ಮೂಸಲಿಕ್ಕೆ. ದೂರ ಇದ್ದರೂ ಹತ್ತಿರ ಇದ್ದರೂ ಬೇಕಾಗ್ತದೆ.”

ಮೂಡಬಿದಿರೆಯಲ್ಲಿ ಇಳಿದಾಗ ಎಲ್ಲವೂ ಯೋಜನೆಯ ಪ್ರಕಾರ ನಡೆದಿತ್ತು. ಬೆಳ್ತಂಗಡಿಯ ಬಸ್ಸಿಗೆ ಇನ್ನೂ ಸಮಯ ಇತ್ತು. ಬಸ್ಸು ನಿಲ್ಲುವ ಮರದ ಕೆಳಗೆ ಗಂಟು ಇಳಿಸಿ ತಲೆ ಎತ್ತಿದೆ. ಎದುರಿಗೆ, ಹೆಗಲಿಗೆ ಶಾಲು ಹಾಕಿಕೊಂಡು, ಬಾಯಿ ತುಂಬ ಎಲೆ ಅಡಿಕೆ ಜಗಿಯುತ್ತ ನನ್ನ ಭಾವ ನಿಂತಿದ್ದರು. ಪುಂಜಾಲಕಟ್ಟೆಯ ದೊಡ್ಡಕ್ಕನ ಗಂಡ.

ಬೆಳುವಾಯಿಯಲ್ಲಿ ಒಂದು ಜೊತೆ ಎತ್ತು ನೋಡಲು ಹಿಂದಿನ ದಿನ ಬಂದವರು, ನೋಡಿ ಮುಗಿಸಿ ಮನೆಗೆ ಹೊರಟಿದ್ದರು. ಯಾರ ಮನೆಯನ್ನು ತಪ್ಪಿಸಲು ನಾವು ಒಂದು ತಾಲೂಕನ್ನೇ ಸುತ್ತಿದೆವೋ ಆ ಮನೆಯ ಯಜಮಾನರು.

“ಇದೆಂಥದು ಮಾರಾಯ! ಸಂಸಾರ ಸಮೇತ! ಇಲ್ಲಿ ಯಾರುಂಟು ನಿಮಗೆ?”

ನನಗೆ ಉತ್ತರ ಹೊಳೆಯುವ ಮೊದಲೇ ವಸಂತ ಬಾಯಿಂದ ಕೈ ತೆಗೆದ. “ನಾವು ನಿಮ್ಮ ಮನೆಗೆ ಹೋಗುದಿಲ್ಲ” ಎಂದ.

ಎಲ್ಲಿಗೆ ಹೋಗುತ್ತೇವೆಂದು ಹೇಳಬೇಡ ಎಂದಿದ್ದೆವು. ಎಲ್ಲಿಗೆ ಹೋಗುವುದಿಲ್ಲ ಎಂಬುದರ ಬಗ್ಗೆ ಏನೂ ಹೇಳಿರಲಿಲ್ಲ.

ಭಾವ ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಮುಳ್ಳಿತ್ತೋ ಇಲ್ಲವೋ ತಿಳಿಯಲಿಲ್ಲ. ಬಸದಿ ತೋರಿಸಲೆಂದು ಮಕ್ಕಳನ್ನು ಕರೆತಂದೆ ಎಂದೆ. ಅದು ನಾನು ಆ ದಿನ ಮಾಡಿದ ದೊಡ್ಡ ತಪ್ಪು. ಬಸದಿ ನೋಡುವುದೇ ಆದರೆ ನೆಂಟರಿಗೆ ತೋರಿಸುವ ಹೊಣೆ ಭಾವನದು. ಮೊದಲು ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ, ಕಾಪಿ ಆಗಬೇಕಾಯಿತು. ಆಮೇಲೆ ಸಾವಿರ ಕಂಬದ ಬಸದಿ. ಅಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂಬುದು ಪ್ರತೀತಿ. ಭಾವ ಅದನ್ನು ಪ್ರತೀತಿಯಾಗಿ ಉಳಿಸದೆ ಮಕ್ಕಳ ಕೈ ಹಿಡಿದು ಒಂದೊಂದಾಗಿ ಸಾಬೀತು ಮಾಡತೊಡಗಿದರು.

“ಭಾವ, ಬಸ್ಸು...” ಎಂದೆ.

“ಬಸ್ಸು ಇನ್ನೊಂದು ಬರ್ತದೆ. ಮಕ್ಕಳಿಗೆ ಇದನ್ನೆಲ್ಲ ಯಾರು ತೋರಿಸುವುದು? ನೀವು ಪೇಪರಿನವರು ತೋರಿಸ್ತೀರಾ?”

ಬಸ್ಸು ಹೋಯಿತು. ಅದು ಹಾರನ್ ಹೊಡೆದದ್ದು ಬಸದಿಯ ಒಳಗೂ ಕೇಳಿಸಿತು. ಸುಶೀಲ ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಶಾರದೆ ತಾಯಿಯ ಮುಖ ನೋಡಿದವಳು, ಆಮೇಲೆ ಕಂಬಗಳನ್ನು ನೋಡುವುದನ್ನು ಬಿಟ್ಟಳು.

ಮುಂದಿನ ಬಸ್ಸು ಬಂದಾಗ ಮಧ್ಯಾಹ್ನವಾಗಿತ್ತು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋಗುವ ಭಾವ ನಮ್ಮ ಜೊತೆಯೇ ಹತ್ತಿದರು. ಬುತ್ತಿಯ ಅವಲಕ್ಕಿಯನ್ನು ಬಸ್ಸಿನಲ್ಲೇ ಬಿಚ್ಚಿದೆವು, ಐಸಮ್ಮನ ನಿಂಬೆಹುಳಿ ಕೆಲಸಕ್ಕೆ ಬಂತು. ವೇಣೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಗಡಾಯಿಕಲ್ಲು ಕಾಣಿಸಿತು. ದೂರದಿಂದ ಅದು ನೆಲಕ್ಕೆ ಕವುಚಿಟ್ಟ ಕೊಪ್ಪರಿಗೆಯ ಹಾಗಿದೆ. ಆಗ ಸುಶೀಲ ಮುಂದಿನ ಸೀಟಿನಲ್ಲಿದ್ದ ಭಾವನಿಗೆ, ನನ್ನನ್ನು ಕೇಳದೆ, ನಿಜ ಹೇಳಿಬಿಟ್ಟಳು. ಅವರನ್ನು ಅವಳು ಅಣ್ಣ ಎಂದು ಕರೆಯುತ್ತಾಳೆ.

“ಅಣ್ಣ, ನಾವು ಬಸದಿಗೆ ಬಂದದ್ದಲ್ಲ. ಅಗೊ, ಅದನ್ನು ಹತ್ತಲಿಕ್ಕೆ ಹೊರಟದ್ದು. ಅಕ್ಕ ನಿಲ್ಲಿಸಿಯಾರು ಅಂತ ಹೀಗೆ ಸುತ್ತಿ ಬಂದೆವು. ಇವಳಿಗೆ ಈ ವರ್ಷ ಆಗದಿದ್ದರೆ ಇನ್ನು ಆಗುವುದಿಲ್ಲ.”

ಭಾವ ಕಿಟಕಿಯಿಂದ ಹೊರಗೆ ಎಲೆ ಅಡಿಕೆ ಉಗುಳಿದರು. ಆಮೇಲೆ ನನ್ನ ಕಡೆ ತಿರುಗಿ, “ಮೊದಲೇ ಬಾಯಿ ಬಿಡಲಿಕ್ಕೇನು ರೋಗ ನಿನಗೆ? ಕಂಬ ಎಲ್ಲಿಗೆ ಓಡಿಹೋಗ್ತಿತ್ತಾ?” ಎಂದು ಗದರಿದರು.

ಗುರುವಾಯನಕೆರೆಯಲ್ಲಿ ಬಸ್ಸು ನಿಂತಾಗ ನಾವು ನಾಲ್ವರೂ ಯೋಜನೆಯಂತೆ ತಲೆ ತಗ್ಗಿಸಿದೆವು. ಪ್ರಯೋಜನವಾಗಲಿಲ್ಲ. “ಸುಶೀಲನಾ? ಅದು ಸುಶೀಲ ಅಲ್ವಾ?” ಎಂದು ಕೂಗುತ್ತ ಚಿಕ್ಕಮ್ಮ ಮನೆಯ ಮೆಟ್ಟಿಲು ಇಳಿದು ಬರುತ್ತಿದ್ದರು. ಅವರು ರಸ್ತೆಗೆ ತಲುಪುವ ಮೊದಲು ಭಾವ ಬಸ್ಸಿನಿಂದ ಧುಮುಕಿ ಎದುರು ಹೋದರು. ಹೋಗುವಾಗ ನಮ್ಮ ಕಿಟಕಿಯ ಹತ್ತಿರ ಬಗ್ಗಿ ಅವರು ಹೇಳಿದ ಮಾತನ್ನು ನಾನು ಈಗಲೂ ಉಪಕಾರದಿಂದ ನೆನೆಯುತ್ತೇನೆ.

“ಇಳಿಯಬೇಡಿ. ನಿಮ್ಮ ಪಾಲಿನ ಬೆಲ್ಲವನ್ನೂ ನಾನೇ ತಿಂದು ಬರ್ತೇನೆ.”

ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಅದುವರೆಗೆ ತಾವು ನೋಡಿರದ ಆ ಹೆಂಗಸಿನ ಜಗುಲಿಯಲ್ಲಿ ಭಾವ ಶಾಲು ಮಡಚಿಟ್ಟು ಕೂತಾಗಿತ್ತು. ಅಲ್ಲಿ ಅವರಿಗೆ ಹಲಸಿನ ಹಣ್ಣು, ಕಾಪಿ, ಊಟ, ಮತ್ತೆ ಕಾಪಿ ಆಗಿ ಸಂಜೆಯ ಬಸ್ಸೂ ತಪ್ಪಿತೆಂದು ಆಮೇಲೆ ತಿಳಿಯಿತು. ನೆಂಟರಿಗಾಗಿ ಹಸಿದವರ ಕಥೆ ಬಹಳ ಕೇಳಿದ್ದೇನೆ. ನೆಂಟರಿಗಾಗಿ ಅವರ ಪಾಲನ್ನೂ ಉಂಡವರು ನನಗೆ ಗೊತ್ತಿರುವಂತೆ ಇವರೊಬ್ಬರೇ.

ಬೆಳ್ತಂಗಡಿಯಲ್ಲಿ ಇಳಿದು, ನಡೆದು, ಸುಶೀಲಳ ತವರಿನ ಅಂಗಳ ಮುಟ್ಟುವಾಗ ಬಿಸಿಲು ಓರೆಯಾಗಿತ್ತು. ಬಂಡೆ ತಲೆಯ ಮೇಲೇ ನಿಂತಿತ್ತು. ಅತ್ತೆ ತಂಬಿಗೆ, ತಟ್ಟೆ ಹಿಡಿದೇ ಹೊರಗೆ ಬಂದರು. ವಿಷಯ ಕೇಳಿ ಆಕಾಶ ನೋಡಿದರು.

“ಈ ಹೊತ್ತಿಗೆ ಬೆಟ್ಟವಾ? ಇಳಿಯುವಾಗ ಕತ್ತಲಾಗ್ತದೆ. ಮೂಡು ದಿಕ್ಕು ಬೇರೆ ಕಪ್ಪಾಗಿದೆ. ಇವತ್ತು ಇಲ್ಲಿ ಆರಾಮ ಮಾಡಿ. ಮುಂದಿನ ವರ್ಷ ಹೋಗುವ.”

ಸುಶೀಲ ವಸಂತನನ್ನು ಸೊಂಟದಲ್ಲಿ ಹೊತ್ತು ನಿಂತಿದ್ದಳು. ದನಿ ಏರಿಸದೆ ಹೇಳಿದಳು:

“ಅಮ್ಮ, ನನಗೆ ನೀವು ಹೇಳಿದ ಮುಂದಿನ ವರ್ಷ ಇನ್ನೂ ಬರಲಿಲ್ಲ.”

ಅತ್ತೆ ತಟ್ಟೆಯನ್ನು ಜಗುಲಿಯ ಮೇಲಿಟ್ಟರು. ಅವರು ಏನು ಯೋಚಿಸಿದರೆಂದು ನಾನು ಊಹಿಸಿ ಬರೆಯಲಾರೆ. ಕಂಡದ್ದು ಇಷ್ಟು: ಶಾರದೆಯನ್ನು ಹತ್ತಿರ ಕರೆದರು, ಅವಳ ಜಡೆಯನ್ನು ಸುತ್ತಿ ಬಿಗಿಯಾಗಿ ತುರುಬು ಕಟ್ಟಿದರು, ಲಂಗದ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. “ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕಬಾರದು. ಕೆಳಗೆ ನೋಡಬೇಡ, ಮೇಲೆ ನೋಡು. ಹೋಗು” ಎಂದರು.

ಎಲ್ಲರೂ ಹೋಗುವಷ್ಟು ಹಗಲು ಉಳಿದಿರಲಿಲ್ಲ. ವಸಂತನನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತುವುದು ಆಗದ ಮಾತು. ಅಜ್ಜಿಯ ಬಳಿ ಬಿಡೋಣವೆಂದರೆ ಬಸ್ಸಿನಲ್ಲಿ ಬಳಲಿದ ಅವನು ತಾಯಿಯ ಕುತ್ತಿಗೆಯನ್ನು ಬಿಡಲೊಲ್ಲ. ನಾನು ನಿಲ್ಲುತ್ತೇನೆ, ನೀವಿಬ್ಬರು ಹೋಗಿ ಎಂದೆ. ನಾನು ಎತ್ತಿಕೊಳ್ಳಲು ಹೋದೊಡನೆ ಅವನು ಹಾಕಿದ ಕೂಗು ಬಂಡೆಗೆ ಬಡಿದು ವಾಪಸು ಬಂತು. ಸುಶೀಲ ನನ್ನ ಕೈಗೆ ಕೊಡೆ ಕೊಟ್ಟಳು. “ಹೊತ್ತು ಹೋಗ್ತದೆ. ಹೊರಡಿ.”

ಹತ್ತಿದ್ದನ್ನು ಉದ್ದವಾಗಿ ವರ್ಣಿಸುವುದಿಲ್ಲ. ಕಲ್ಲನ್ನೇ ಕಡಿದು ಮಾಡಿದ ಮೆಟ್ಟಿಲು, ಒಂದು ಬದಿ ಬಂಡೆ, ಇನ್ನೊಂದು ಬದಿ ಗಾಳಿ. ದಿನವಿಡೀ ಕುಡಿದ ಬಿಸಿಲನ್ನು ಬಂಡೆ ಆಗ ಹೊರಗೆ ಬಿಡುತ್ತಿತ್ತು. ನಾನು ಆಗಾಗ ಇತಿಹಾಸ ವಿವರಿಸುವ ನೆಪದಲ್ಲಿ ನಿಂತು ಉಸಿರು ತೆಗೆದುಕೊಂಡೆ. ಶಾರದೆ ಇತಿಹಾಸ ಮುಗಿಯುವವರೆಗೆ ಕಾಯುತ್ತ, “ಅಪ್ಪ, ಸಾಕಾ? ಹೋಗುವನಾ?” ಎನ್ನುತ್ತಿದ್ದಳು. ತುದಿಯಲ್ಲಿ ಬಿದ್ದ ಗೋಡೆಗಳು, ತಳದಲ್ಲಿ ಸ್ವಲ್ಪ ನೀರಿದ್ದ ಕೆರೆ, ಸುಶೀಲಳ ಅಣ್ಣಂದಿರು ಹೇಳಿದ ಫಿರಂಗಿ ಎಲ್ಲ ಇದ್ದವು. ಮೂಡಣದಲ್ಲಿ ಘಟ್ಟದ ಸಾಲಿನ ಮೇಲೆ ಸಣ್ಣಗೆ ಮಿಂಚುತ್ತಿತ್ತು. ಪಡುವಣದಲ್ಲಿ ಹೊಳೆಯುವ ಒಂದು ಗೆರೆ ಕಂಡಿತು. ಅದು ಕಡಲೋ ಮೋಡದ ಅಂಚೋ ಖಚಿತವಿಲ್ಲ.

ಶಾರದೆ ಇವು ಯಾವುದನ್ನೂ ನೋಡಲಿಲ್ಲ. ಗೋಡೆಯ ಸಂದಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ಹುಡುಕುತ್ತಿದ್ದಳು. ನಾನು ಅವಳ ಕಾಲು ಹಿಡಿದು ಕೂತೆ. ತೋಟಗಳ ಹಸಿರಿನ ನಡುವೆ ಅಂಗಳಗಳು ಅಕ್ಕಿಕಾಳಿನಷ್ಟು ಬಿಳಿಯಾಗಿದ್ದವು.

“ಅದೇ! ಅದು ಅಜ್ಜಿಯ ಅಂಗಳ. ಅಮ್ಮ ಅಲ್ಲೇ ನಿಂತಿದ್ದಾರೆ” ಎಂದಳು.

ಯಾವುದು ಅಜ್ಜಿಯ ಅಂಗಳವೆಂದು ನನಗೆ ತಿಳಿಯಲಿಲ್ಲ.

“ಅಪ್ಪ, ಅಮ್ಮನಿಗೆ ನಾವು ಕಾಣ್ತೇವಾ?”

ಖಚಿತಪಡಿಸಿಕೊಳ್ಳದ ಸುದ್ದಿಯನ್ನು ನಾನು ಕಳಿಸುವವನಲ್ಲ. ಆದರೂ ಕಾಣುತ್ತೇವೆ ಎಂದೆ. ಅವಳು ಎದ್ದು ನಿಂತು, ತುರುಬು ಬಿಚ್ಚಿಹೋಗುವಷ್ಟು ಜೋರಾಗಿ ನನ್ನ ಕೊಡೆಯನ್ನು ಬೀಸಿದಳು.

ಇಳಿಯುವಾಗ ಮುಸ್ಸಂಜೆ. ಅಂಗಳದಲ್ಲಿ ಸುಶೀಲ ಅದೇ ಜಾಗದಲ್ಲಿ ನಿಂತಿದ್ದಳು, ಹೆಗಲ ಮೇಲೆ ವಸಂತ ನಿದ್ರೆ ಹೋಗಿದ್ದ. “ಕಂಡಿತಾ ಅಮ್ಮ?” ಎಂದು ಶಾರದೆ ಓಡಿದಳು. “ಕಾಣದೆ? ಕೊಡೆ ಬೀಸಿದ್ದು ಕಂಡಿತು” ಎಂದಳು ಸುಶೀಲ. ಅಷ್ಟು ದೂರಕ್ಕೆ ಕೊಡೆ ಕಾಣುವುದು ಸಾಧ್ಯವೇ ಎಂದು ನಾನು ಮುಂದೆ ವಿಚಾರಿಸಲು ಹೋಗಲಿಲ್ಲ.

ಮರುದಿನ ನೇರ ದಾರಿಯಲ್ಲೇ ವಾಪಸಾದೆವು. ಪುಂಜಾಲಕಟ್ಟೆಯಲ್ಲಿ ದೊಡ್ಡಕ್ಕ ಕೈ ಅಡ್ಡ ಹಿಡಿಯುವ ಮೊದಲು ನಾವೇ ಇಳಿದೆವು. ಭಾವ ತುಟಿ ಬಿಚ್ಚಿರಲಿಲ್ಲವೆಂದು ಆಣೆ ಇಡುತ್ತಿದ್ದರು. ಹಾಗಾದರೆ ಅವಳಿಗೆ ಹೇಗೆ ಗೊತ್ತಾಯಿತೆಂಬುದು ಇಂದಿಗೂ ಬಗೆಹರಿದಿಲ್ಲ.

“ನನಗೆ ಹೆದರಿ ಮೂಡಬಿದಿರೆಗೆ ಸುತ್ತಿದ್ದಾ ತಮ್ಮ? ನಾನೇನು ಹುಲಿಯಾ?” ಎಂದಳು ಬೆಲ್ಲ ಒಡೆಯುತ್ತ. ನಾನು ಹೊತ್ತು, ಬಿಸಿಲು, ಬಸ್ಸು ಎಂದು ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಲಿಲ್ಲ. ಶಾರದೆಯ ಕೈಗೆ ದೊಡ್ಡ ತುಂಡನ್ನು ಕೊಟ್ಟು, “ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ನೀವು ಮಕ್ಕಳು ಹೋಗ್ತೀರಿ. ಅದಕ್ಕೆ ನಿಲ್ಲಿಸುವುದು” ಎಂದಳು.

ಸುಶೀಲ ಏನಾದರೂ ಉತ್ತರ ಕೊಡುತ್ತಾಳೆಂದು ಕಾದೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ ಎಂಬ ಮಾತನ್ನು ಅವಳಷ್ಟು ಬಲ್ಲವರು ಯಾರು? ಅವಳು ಸುಮ್ಮನೆ ಅಕ್ಕನ ಪಕ್ಕದಲ್ಲಿ ಕೂತು ಬೆಲ್ಲ ತಿಂದಳು, ನೀರು ಕುಡಿದಳು. ಅಕ್ಕನಿಗೆ ಮಕ್ಕಳಿಲ್ಲ. ದಿನವಿಡೀ ರಸ್ತೆ ನೋಡುತ್ತ ಕೂರುವವಳಿಗೂ, ದಿನವಿಡೀ ಬಂಡೆ ನೋಡುತ್ತ ಬೆಳೆದವಳಿಗೂ ಪರಸ್ಪರ ಗೊತ್ತಿರುವ ಸಂಗತಿಗಳು ಇರಬಹುದು. ಆ ದಿನ ಸಂಜೆಯ ಬಸ್ಸಿನವರೆಗೆ ನಾವು ಅಲ್ಲೇ ಇದ್ದೆವು. ಅವಸರ ಮಾಡಿದವನು ನಾನೊಬ್ಬನೇ.

ಅದಾಗಿ ಈಗ ಹತ್ತು ವರ್ಷ. ಈ ನಡುವೆ ಸುಶೀಲಳಿಗೆ ಬೆಟ್ಟದ ಯೋಗ ಕೂಡಿಬರಲಿಲ್ಲ. ಒಂದು ಸಲ ಅತ್ತೆಯ ಕಾಯಿಲೆ, ಒಂದು ಸಲ ಅವಳದೇ ಮೊಣಕಾಲು, ಉಳಿದ ಸಲಗಳಲ್ಲಿ ನನ್ನ ಯೋಜನೆಗಳು. ಶಾರದೆ ಮಾಸ್ತರಿಕೆಯ ತರಬೇತಿ ಮುಗಿಸಿ ಈಗ ಪುತ್ತಿಗೆಯ ಕಡೆ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಹೋದ ತಿಂಗಳು ಬಂದವಳು, ಆರನೆಯ ತರಗತಿಯ ಹುಡುಗಿಯರನ್ನು ಗಡಾಯಿಕಲ್ಲಿಗೆ ಕರೆದೊಯ್ಯುತ್ತೇನೆ, ಜೊತೆಗೆ ಒಬ್ಬ ದೊಡ್ಡ ಹೆಂಗಸು ಬೇಕೆಂದು ಹೆಡ್ಮಾಸ್ಟರು ಹೇಳಿದ್ದಾರೆ, ಅಮ್ಮ ಬರಬೇಕು ಎಂದಳು. ಆಮೇಲೆ ಅವಳೇ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳಿಗೆ ಮುಂಚಿತವಾಗಿ ಹೇಳಿ ಕಳಿಸಿದಳು: ಹೋಗುವಾಗ ನಿಲ್ಲಿಸಬೇಡಿ, ಬರುವಾಗ ನಿಲ್ಲಿಸಿ. ಇಷ್ಟು ಸರಳವಾದ ಉಪಾಯ ನನಗೆ ಹೊಳೆದಿರಲಿಲ್ಲ.

ನಾನೂ ಬರುತ್ತೇನೆ ಎಂದೆ. “ನೀವು ಬಂದರೆ ಯೋಜನೆ ಹಾಕ್ತೀರಿ. ಮನೆಯಲ್ಲೇ ಇರಿ” ಎಂದಳು ಸುಶೀಲ.

ಇಂದು ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ, ನೇರ ದಾರಿಯಲ್ಲಿ, ಒಬ್ಬಳೇ ಹೊರಟಳು. ಶಾರದೆ ಮತ್ತು ಹುಡುಗಿಯರು ಬೆಳ್ತಂಗಡಿಯಲ್ಲಿ ಸೇರುವುದೆಂದು ನಿಶ್ಚಯವಾಗಿತ್ತು. ಮಧ್ಯಾಹ್ನ ಅದೇ ಬಸ್ಸಿನ ಕಂಡಕ್ಟರ್ ಪೇಟೆಯಲ್ಲಿ ಸಿಕ್ಕಿದ. ಪುಂಜಾಲಕಟ್ಟೆಯಲ್ಲಿ ದೊಡ್ಡಕ್ಕ ಬಸ್ಸು ನಿಲ್ಲಿಸಿದ್ದು ಹೌದು. ಆದರೆ ಬೆಲ್ಲ, ನೀರು ಕಿಟಕಿಯಲ್ಲೇ ಕೊಟ್ಟರು, ಅಮ್ಮ ಇಳಿಯಲಿಲ್ಲ ಎಂದ. ಬೆಳ್ತಂಗಡಿಯಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರಂತೆ. ಟೀಚರು ಅವರನ್ನು ಲೆಕ್ಕ ಮಾಡಿ ಮುಗಿಸುವಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ಬೆಟ್ಟದ ದಾರಿ ಹಿಡಿದಾಗಿತ್ತು, ಹುಡುಗಿಯರು ಹಿಂದಿನಿಂದ ಓಡಿದರು ಎಂದ.

ಸಂಜೆಯ ಬಸ್ಸು ಇನ್ನೂ ಬಂದಿಲ್ಲ.